ಎರಡು ತಾಟಿನ ಚೀಲ

ಫೋಂಡಾ
ಗುರುವಾರ, 11 ಸೆಪ್ಟೆಂಬರ್ 2025

ಪ್ರೀತಿಯ ಅಮ್ಮನಿಗೆ,

ಸುಮೇಧಾಳ ನಮಸ್ಕಾರ. ನಾನು ಆರಾಮ ಇದ್ದೇನೆ. ನೀನು ಸಿಟ್ಟಿನಲ್ಲಿದ್ದೀ ಎಂದು ಅಪ್ಪ ಹೇಳಿದ್ದಾರೆ, ಹಾಗಾಗಿ ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ಬೆಳಗಾವಿಯ ಶಾಲೆಯಲ್ಲಿದ್ದಾಗ ಪ್ರತಿ ಭಾನುವಾರ ಪತ್ರ ಬರೆಯುತ್ತಿದ್ದವಳು ಕೈಗೆ ಮೊಬೈಲ್ ಬಂದ ಮೇಲೆ ನಿನಗೆ ಒಂದು ಸಾಲೂ ಬರೆದಿಲ್ಲ. ತಡವಾದದ್ದಕ್ಕೆ ಕ್ಷಮಿಸು. ಅಕ್ಷರಗಳಿಗೂ ಕ್ಷಮೆ ಇರಲಿ, ಕನ್ನಡ ಬರೆಯುವುದು ಬಿಟ್ಟುಹೋಗಿ ಅರ್ಧ ಮಾತು ಇಂಗ್ಲಿಷಿನಲ್ಲೇ ನೆನಪಾಗುತ್ತದೆ. ಆದರೂ ಆ ಶಾಲೆಯ ಪತ್ರಗಳಿಗಿಂತ ಇದು ಚೆನ್ನಾಗಿರುತ್ತದೆ. ಅವನ್ನು ಅಂಚೆಗೆ ಹಾಕುವ ಮೊದಲು ವಾರ್ಡನ್ ಓದುತ್ತಿದ್ದರು. ಇದನ್ನು ಓದುವವಳು ನೀನೊಬ್ಬಳೇ.

ಮಂಗಳವಾರ ನೀನು "ಅವನ ಹೆಸರು ಹೇಳು, ಸಾಕು" ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಎತ್ತುತ್ತಲೇ ಇಲ್ಲ. ಅಮ್ಮ, ಹೇಳುವುದಕ್ಕೆ ಯಾವ ಹೆಸರೂ ಇಲ್ಲ. ಭಾನುವಾರ ನೀವಿಬ್ಬರೂ ಕಾರು ತಂದು ನನ್ನನ್ನೂ ಟ್ರಂಕನ್ನೂ ಮಡಗಾಂವಿಗೆ ಒಯ್ಯುತ್ತೀರಂತೆ, ಇನ್ನು ಮನೆಯಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಬರಬೇಕಂತೆ. ಅಪ್ಪನ ಮೆಸೇಜ್ ಬಂತು. ಆದರೆ ನನಗೆ ಹಾಸ್ಟೆಲಿನಲ್ಲೇ ಇರುವ ಆಸೆ. ಅದಕ್ಕೇ ನಡೆದದ್ದನ್ನೆಲ್ಲ ನೀವು ಬರುವ ಮೊದಲೇ ಹೇಳುತ್ತಿದ್ದೇನೆ. ನನ್ನ ರೂಮಿನ ಶಾಹೀನ ನಾಳೆ ಮಡಗಾಂವಿಗೆ ಬರುವವಳಿದ್ದಾಳೆ, ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಅವಳಿಗೆ ಚಹಾ ಕೊಡು. ಇಲ್ಲಿಯ ವಾರ್ಡನ್‌ಗೆ ಹೇಳಿದವಳು ಅವಳೇ, ಆದರೂ ಕೊಡು.

ಎಲ್ಲ ಶುರುವಾದದ್ದು ಒಂದು ಪುಸ್ತಕದಿಂದ. ರೂಮಿನ ಕಪಾಟಿನಲ್ಲಿ ಮೊದಲು ಅಲ್ಲಿದ್ದ ಹುಡುಗಿ ಬಿಟ್ಟುಹೋದ ಇಂಗ್ಲಿಷ್ ಕಾದಂಬರಿ ಇತ್ತು. ಮುಖಪುಟ ಹರಿದುಹೋಗಿತ್ತು, ಮಳೆಗಾಲದ ತೇವಕ್ಕೆ ಊದಿಕೊಂಡಿತ್ತು. ಒಬ್ಬ ಹೆಂಗಸಿನ ದೋಣಿಯ ಎಂಜಿನ್ ನಡುಸಮುದ್ರದಲ್ಲಿ ಕೆಡುತ್ತದೆ, ಅವಳು ಬದುಕಬೇಕು. ಅಷ್ಟೇ ಕಥೆ. ಆಗ ನಾನು ಮೆಸ್ಸಿನಲ್ಲಿ ಊಟ ಹಾಕಿಸಿಕೊಂಡು ಎಲ್ಲಿ ಕೂಡಬೇಕೆಂದು ತಿಳಿಯದೆ ನಿಂತಿರುತ್ತಿದ್ದೆ. ಕ್ಲಾಸಿನಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬರುವ ತನಕ ಎದೆ ಹೊಡೆದುಕೊಳ್ಳುತ್ತಿತ್ತು, ಬಂದ ಮೇಲೆ ಧ್ವನಿ ಹೊರಡುತ್ತಿರಲಿಲ್ಲ. ಆ ಹೆಂಗಸಿಗೆ ನನಗಿಂತ ದೊಡ್ಡ ಹೆದರಿಕೆ ಇತ್ತು. ಆದರೆ ಅವಳ ಹೆದರಿಕೆಗೆ ಮಾಡಲು ಕೆಲಸ ಇತ್ತು. ಮಳೆನೀರು ಹಿಡಿಯಬೇಕು, ನೆರಳು ಮಾಡಿಕೊಳ್ಳಬೇಕು, ಇವತ್ತು ಮೀನು ಸಿಗದಿದ್ದರೆ ನಾಳೆ ನೋಡಬೇಕು. ನನ್ನದು ಸುಮ್ಮನೆ ಕೈಕಟ್ಟಿಕೊಂಡು ಕೂತಿರುತ್ತಿತ್ತು.

ಅದು ಮುಗಿದ ಮೇಲೆ ಅಂಥದೇ ಇನ್ನೊಂದು ಬೇಕಾಯಿತು. ಆಮೇಲೆ ಮತ್ತೊಂದು. ಹಿಮದಲ್ಲಿ ಸಿಕ್ಕಿಕೊಂಡವರು, ದ್ವೀಪದಲ್ಲಿ ಉಳಿದವರು, ಮಹಾಪೂರ ಬಂದು ಮಾಳಿಗೆಯ ಮೇಲೆ ಸಂಸಾರ ಹೂಡಿದವರು. ಲೈಬ್ರರಿಯಲ್ಲಿ ಪುಸ್ತಕ ಕೊಡುವ ಪಾಂಡು ಅಂಕಲ್ ನನ್ನ ಮುಖ ಕಂಡ ಕೂಡಲೇ ಕೊಂಕಣಿಯಲ್ಲಿ, "ಪರತ್ ಕೋಣ್ ಬುಡ್ಲೊ ಗೋ ಬಾಯ್?" ಎನ್ನುತ್ತಾರೆ, ಮತ್ತೆ ಯಾರು ಮುಳುಗಿದರು ಎಂದು. ಈ ಸಲ ಮುಳುಗಿಲ್ಲ, ಹಿಮ ಬಿದ್ದಿದೆ ಎನ್ನುತ್ತೇನೆ. ಈ ಕಾಲೇಜಿನಲ್ಲಿ ನಾನು ತಡವರಿಸದೆ ಮಾತಾಡಿದ ಮೊದಲ ಮನುಷ್ಯ ಅವರೇ. ಬಸ್ಸಿನಲ್ಲಿ ಓದಿದೆ, ಮೆಸ್ಸಿನಲ್ಲಿ ಓದಿದೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಒಂದು ತಪ್ಪಿಸಿದ್ದೂ ಹೌದು. ಒಬ್ಬ ಹುಡುಗಿ ಹಿಮದ ಗುಹೆಯಿಂದ ಇನ್ನೂ ಹೊರಗೆ ಬಂದಿರಲಿಲ್ಲ, ಅವಳನ್ನು ಅಲ್ಲೇ ಬಿಟ್ಟು ಲ್ಯಾಬಿಗೆ ಹೋಗುವುದು ಹೇಗೆ?

ಈ ಪುಸ್ತಕಗಳಲ್ಲಿ ಬದುಕಿ ಉಳಿಯುವವರ ಹತ್ತಿರ ಒಂದು ಚೀಲ ಇರುತ್ತದೆ. ನಾನೂ ಒಂದು ಕಟ್ಟಿದೆ. ಟಾರ್ಚ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ, ಮೇಣಬತ್ತಿ, ಸೀಟಿ, ಒಣ ಬಟ್ಟೆ, ನೀನು ಕಳಿಸಿದ ಹಚ್ಚಿದ ಅವಲಕ್ಕಿ, ಬಜಾರಿನಿಂದ ತಂದ ನೈಲಾನ್ ಹಗ್ಗ. ಜೊತೆಗೆ ಎರಡು ಸ್ಟೀಲಿನ ತಾಟು, ಎರಡು ಲೋಟ. ಕಾಟಿನ ಕೆಳಗೆ ತಳ್ಳಿಟ್ಟೆ. ಅದು ಅಲ್ಲಿದೆ ಎಂಬ ಧೈರ್ಯಕ್ಕೇ ಹಾಜರಿಗೆ 'ಯೆಸ್ ಸರ್' ಎನ್ನಲು ಧ್ವನಿ ಬರತೊಡಗಿತು. ನಗಬೇಡ. ನಕ್ಕರೂ ಇರಲಿ, ಸಿಟ್ಟಿಗಿಂತ ಚಲೋ.

ಮಂಗಳವಾರ ಕಸ ಹೊಡೆಯುತ್ತಿದ್ದ ಶಾಹೀನಳ ಕೈಗೆ ಚೀಲ ಸಿಕ್ಕಿತು. ಅವಳ ಮನೆಯವರು ವಿಜಯಪುರದ ಕಡೆಯವರು, ಈಗ ಗೋವಾದ ವಾಳಪೈಯಲ್ಲಿದ್ದಾರೆ. ಅವಳ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ಸ್ವಲ್ಪ ದೊಡ್ಡದು. ಚೀಲ ಬಿಚ್ಚಿ ನೋಡಿ, "ಯಾರ್ ಲೇ ಅಂವಾ?" ಎಂದಳು.

"ಯಾರೂ ಇಲ್ಲ."

"ಯಾರೂ ಇಲ್ಲಂದ್ರ ಎರಡು ತಾಟ ಯಾಕ? ಒಂದರಾಗ ನೀ ಉಣ್ತಿ, ಇನ್ನೊಂದರಾಗ ಗಾಳಿ ಉಣ್ತೈತೇನು?"

ನಾನು ಸುಮ್ಮನಿದ್ದದ್ದನ್ನು ಅವಳು ಒಪ್ಪಿಗೆ ಎಂದುಕೊಂಡಳು. "ನಾಳೆ ನೀ ಹೋದ್ರ ಎಲ್ಲಾರೂ ನನ್ನ ಕೇಳ್ತಾರ" ಎನ್ನುತ್ತ ಹೆದರಿ ಸುಹಾಸಿನಿ ಮೇಡಮ್ ಅವರನ್ನು ಕರೆತಂದಳು. ಮೇಡಮ್ ನಮ್ಮ ವಾರ್ಡನ್, ಕಾರವಾರದವರು. ಚೀಲವನ್ನು ಕಾಟಿನ ಮೇಲೆ ಸುರಿದರು. ಬಾಗಿಲಲ್ಲಿ ಕಾರಿಡಾರಿನ ಹುಡುಗಿಯರೆಲ್ಲ ಸೇರಿದ್ದರು.

"ಹಗ್ಗ ಯಾಕೆ ತಂದದ್ದು? ಕಿಟಕಿಯಿಂದ ಇಳೀಲಿಕ್ಕೋ?"

"ಮೇಡಮ್, ನಮ್ಮದು ಗ್ರೌಂಡ್ ಫ್ಲೋರ್ ರೀ" ಎಂದಳು ಶಾಹೀನ. ಬಾಗಿಲು ಪೂರಾ ನಕ್ಕಿತು.

"ಹಾಗಾದ್ರೆ ಈ ಅವಲಕ್ಕಿ?"

"ಅದ ನನಗೂ ತಿಳೀವಲ್ದ್ರಿ. ಓಡಿ ಹೋಗಾಕಿ ಅವಲಕ್ಕಿ ಕಟಗೊಂಡಿದ್ದು ನಾ ಎಲ್ಲೂ ಕೇಳಿಲ್ಲ."

ನಾನು ಕಷ್ಟಪಟ್ಟು, "ಪೂರ ಬಂದ್ರ ಬೇಕಾಗ್ತದಂತ ಇಟ್ಟಿದ್ದೆ, ಮೇಡಮ್" ಎಂದೆ.

"ಪೂರ? ಈ ಗುಡ್ಡದ ಮೇಲೆ?" ಎಂದು ನನ್ನನ್ನೇ ನೋಡಿ, ಅಲ್ಲೇ ನಿಂತು ನಿನಗೆ ಫೋನ್ ಮಾಡಿದರು.

ತಾಟಿನ ವಿಷಯ ಮೇಡಮ್‌ಗೆ ತಿಳಿಯುವುದಿಲ್ಲ, ನಿನಗೆ ತಿಳಿಯುತ್ತದೆ. ನಮ್ಮ ಶಾಲೆಯಲ್ಲಿ ಪ್ರತಿ ಹುಡುಗಿಗೂ ಒಬ್ಬಳು ಜೋಡಿ ಇರುತ್ತಿದ್ದಳು. ಪ್ರವಾಸಕ್ಕೋ ಕ್ಯಾಂಪಿಗೋ ಎಲ್ಲಿಗೇ ಹೊರಟರೂ ಒಬ್ಬಳು ಇಬ್ಬರ ತಾಟು ಲೋಟ ಹೊರಬೇಕು, ಇನ್ನೊಬ್ಬಳು ಇಬ್ಬರ ಹಾಸಿಗೆ. ನನ್ನ ಜೋಡಿ ಜಯಶ್ರೀ, ಇಲ್ಲೇ ಹತ್ತಿರದ ಮಡ್ಕಯಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಪರಮಣ್ಣನವರ ಮಗಳು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನೀನು ನೋಡಿದ್ದೀ. ತಾಟು ನನ್ನ ಪಾಲಿಗಿತ್ತು. ಈಗಲೂ ಚೀಲ ಕಟ್ಟುವಾಗ ನನ್ನನ್ನು ಕೇಳದೆ ಕೈ ಎರಡೆರಡು ಎತ್ತಿಕೊಳ್ಳುತ್ತದೆ. ಶಾಹೀನ ಕೇಳುವ ತನಕ ನನಗೂ ಅದು ಗೊತ್ತಿರಲಿಲ್ಲ. ಮೇಡಮ್‌ಗೆ ಹೇಳಿದೆ, ಕಥೆ ಕಟ್ಟಬೇಡ ಎಂದರು.

ಆದರೆ ಆಮೇಲೆ ಆದದ್ದು ಒಳ್ಳೆಯದೇ. ನಿನ್ನೆ ಬೆಳಿಗ್ಗೆ ಶಾಹೀನ ನನ್ನ ಜಡೆ ಹಾಕುತ್ತ, "ತಪ್ಪಾತು. ಆದರ ನೀನೂ ಬಾಯಿ ತಗದು ಹೇಳಬೇಕಿತ್ತು" ಎಂದಳು. ಹೌದು ಎಂದೆ. ಮಹಾಪೂರದ ಕಾದಂಬರಿ ತೋರಿಸಿದೆ. ಅವಳಿಗೆ ಇಂಗ್ಲಿಷ್ ಓದಲು ಬೇಸರ, ನಾನೇ ಓದಿ ಕನ್ನಡದಲ್ಲಿ ಹೇಳಬೇಕಂತೆ. ಹೇಳತೊಡಗಿದರೆ ಕಥೆಯ ಜೊತೆಗೇ ಜಗಳ. "ಆ ಹೆಂಗಸಿಗೆ ಬುದ್ಧಿ ಐತೇನು? ಮಾಳಿಗಿ ಮ್ಯಾಲೆ ಒಲಿ ಹೂಡೂದು ಬಿಟ್ಟು ಚಂದ್ರನ್ನ ನೋಡ್ಕೋತ ಕುಂತಾಳ." ಸದ್ದಿಗೆ ಪಕ್ಕದ ರೂಮಿನವರೂ ಬಂದರು. ಇವತ್ತು ಕಾಲೇಜಿನಿಂದ ಬಂದ ಕೂಡಲೇ ಎಲ್ಲರೂ ನಮ್ಮ ಕಾಟಿನ ಮೇಲೆ, ಮುಂದೇನಾಯಿತು ಹೇಳು ಎಂದು. ಅಷ್ಟು ಜನರ ನಡುವೆ ನನ್ನ ಧ್ವನಿ ಒಮ್ಮೆಯೂ ನಿಲ್ಲಲಿಲ್ಲ, ಅಮ್ಮ. ಮೆಸ್ಸಿನಲ್ಲಿ ಈಗ ನನಗೊಂದು ಜಾಗ ಹಿಡಿದಿಡುತ್ತಾರೆ.

ಜಪ್ತಿಯಾದ ನನ್ನ ಹಗ್ಗ ಹಿಂದಿನ ವರಾಂಡದಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಿದೆ. ಸುಹಾಸಿನಿ ಮೇಡಮ್ ಕಟ್ಟಿದ ಗಂಟು ಜಾರಿ ಎಲ್ಲರ ಬಟ್ಟೆಗಳು ನೆಲಕ್ಕೆ ಬಿದ್ದವು. "ಬಾ ಇಲ್ಲಿ. ನಿನ್ನ ಪುಸ್ತಕದಲ್ಲಿ ಗಂಟು ಹಾಕೋದು ಕಲಿಸಿದ್ರೆ ಹಾಕು" ಎಂದು ಕರೆದರು. ಹಾಕಿದೆ. ಜಾರಲಿಲ್ಲ. ನನ್ನನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವ ವಿಷಯ ಕೇಳಿದ್ದಕ್ಕೆ, "ನಿನ್ನ ತಂದೆತಾಯಿ ಇರಲಿ ಅಂದ್ರೆ ನನ್ನದೇನೂ ಅಡ್ಡಿ ಇಲ್ಲ" ಎಂದಿದ್ದಾರೆ. ಈಗ ಎಲ್ಲ ನಿನ್ನ ಕೈಯಲ್ಲಿದೆ.

ಅಪ್ಪನ ವರ್ಗಾವಣೆಗಳ ಕಾರಣಕ್ಕೆ ನಾನು ಬೆಳೆದದ್ದೇ ಹಾಸ್ಟೆಲಿನಲ್ಲಿ. ಅಲ್ಲಿ ಯಾವಾಗಲೂ ಯಾರೋ ಬಂದು ಕರೆದೊಯ್ಯುವುದನ್ನು ಕಾಯುತ್ತಿದ್ದೆ. ಇಲ್ಲಿ ಮೊದಲ ಸಲ ಕಾಯದೆ ಇದ್ದೇನೆ. ದಸರೆಗೆ ಕರೆ, ಓಡಿ ಬರುತ್ತೇನೆ. ಟ್ರಂಕ್ ಮಾತ್ರ ಇಲ್ಲೇ ಇರಲಿ. ತಪ್ಪಿದ ಪ್ರಾಕ್ಟಿಕಲ್ ಸೋಮವಾರ ಮಾಡಿಸುತ್ತಾರೆ, ಸರ್‌ಗೆ ನಾನೇ ಹೋಗಿ ಕೇಳಿಕೊಂಡೆ.

ಅಪ್ಪನಿಗೆ ನಮಸ್ಕಾರ ತಿಳಿಸು, ಬಿಪಿ ಗುಳಿಗೆ ಮರೆಯದಂತೆ ನೋಡಿಕೋ. ಭಾನುವಾರ ನಿನ್ನ ಕಾಲಿಗೆ ಬೀಳುತ್ತೇನೆ, ತಲೆಯ ಮೇಲೆ ಕೈ ಇಡು. ಸಿಟ್ಟು ಉಳಿದಿದ್ದರೆ ಒಂದೇ ಕೈ ಸಾಕು.

ನಿನ್ನ ಮಗಳು,
ಸುಮೇಧಾ

ತಾ.ಕ.: ಇಲ್ಲಿಗೇ ಮುಗಿಸಿ ಮಡಚಿದ್ದೆ, ಮತ್ತೆ ಬಿಚ್ಚಿದೆ. ಲಾಕ್‌ಡೌನಿನಲ್ಲಿ ಎಲ್ಲರೂ ಮನೆಗೆ ಹೋದ ಮೇಲೆ ಶಾಲೆಯ ಹಾಸ್ಟೆಲಿನಲ್ಲಿ ಉಳಿದದ್ದು ನಾನೂ ಜಯಶ್ರೀಯೂ ಮಾತ್ರ. ನೀವಿದ್ದ ಗೋವಾದ ಗಡಿ ಮುಚ್ಚಿತ್ತು. ಪರಮಣ್ಣನವರು ಬೆಳಗಾವಿಯಿಂದ ಕಾಯಿಪಲ್ಯ ತರುವ ಗಾಡಿಯವನನ್ನು ಕಾಡಿ ಬೇಡಿ ಮಗಳನ್ನು ಕರೆಯಲು ಬಂದರು. ನನ್ನನ್ನು ನೋಡಿ, "ನೀನೂ ಬಾರವ್ವಾ, ನಿಮ್ಮಪ್ಪನ ಮನೀ ಬಾಗಲಕ್ಕ ಬಿಟ್ಟು ಹೊಕ್ಕೇನಿ" ಎಂದರು. ಇಬ್ಬರ ತಾಟು ಹಾಕಿ ಚೀಲ ಕಟ್ಟಿದೆ. ವಾರ್ಡನ್ ನಿನಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಬ್ಯಾಡ್ರಿ, ಅಕಿ ಅಲ್ಲೇ ಇರ್ಲಿ" ಎಂದು ನೀನು ಹೇಳಿದ್ದು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಜಯಶ್ರೀ ಹೊರಟಳು, ನಾನೊಬ್ಬಳೇ ಉಳಿದೆ. ದಾರಿಗೆ ಹೆದರಿ, ಜಡ್ಡಿಗೆ ಹೆದರಿ ಹೇಳಿದ್ದೀ ಎಂದು ಈಗ ಅರ್ಥವಾಗುತ್ತದೆ. ಅದಕ್ಕೆ ಸಿಟ್ಟಿಲ್ಲ. "ಅಕಿ ಕೈಯಾಗ ಫೋನ್ ಕೊಡ್ರಿ" ಎಂದು ನೀನು ಕೇಳಲಿಲ್ಲ, ಅಮ್ಮ. ಅದೊಂದು ನನ್ನೊಳಗೆ ಹಾಗೇ ಕೂತಿದೆ.

ನಾನು ಓದಿದ ಪುಸ್ತಕಗಳೆಲ್ಲ ಸಿಕ್ಕಿಕೊಂಡವರದೇ ಕಥೆ. ಮನೆಯಲ್ಲಿದ್ದವರು ಫೋನ್ ಇಟ್ಟ ಮೇಲೆ ಏನು ಮಾಡಿದರು, ಎಲ್ಲಿ ಹೋಗಿ ಕೂತರು ಎಂದು ಯಾವುದರಲ್ಲೂ ಒಂದು ಪುಟ ಇಲ್ಲ. ಭಾನುವಾರ ಅಪ್ಪ ಮೇಡಮ್ ಜೊತೆ ಮಾತಾಡಲಿ, ನಾವಿಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂಡೋಣ. ಆ ದಿನದ ನಿನ್ನ ಕಥೆ ನೀನು ಹೇಳು. ನಾನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳುತ್ತೇನೆ.