ಹೊಂಗೆಮರದ ಹೊಲದಲ್ಲೊಂದು ಸೈಟು

ದೇವನಹಳ್ಳಿ
೨೫ ಆಗಸ್ಟ್ ೨೦೧೯, ಭಾನುವಾರ

ಮುದ್ದಿನ ಅಕ್ಷತಾ,

ಹೇಗಿದ್ದೀಯ ಮಗಳೇ? ಸಿಂಧನೂರಿನ ಬಿಸಿಲು ಈ ಸಲವಾದರೂ ನಿನ್ನ ಮೇಲೆ ಸ್ವಲ್ಪ ಕರುಣೆ ತೋರಿಸಿತೆ? ನಿನ್ನ ಯಜಮಾನ ಮುನಿರಾಜನ ಸೊಂಟ ನೋವು ಹೇಗಿದೆ? ದನದ ಡಾಕ್ಟರಿಗೇ ಸೊಂಟ ಹಿಡಿದುಕೊಂಡರೆ ಅವನು ಯಾವ ಡಾಕ್ಟರ ಹತ್ತಿರ ಹೋಗಬೇಕು ಎಂದು ನಿನ್ನ ಚಿಕ್ಕಮ್ಮ ಜ್ಯೋತಿಲಕ್ಷ್ಮಿ ಬೆಳಗಿನಿಂದ ಕೇಳುತ್ತಿದ್ದಾಳೆ. ಉತ್ತರ ಬರೆಯಬೇಡ, ಅವಳಿಗೆ ಪ್ರಶ್ನೆಯೇ ಸಾಕು. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿಮ್ಮಪ್ಪನೂ ಚೆನ್ನಾಗಿದ್ದಾನೆ ಎಂದು ಬರೆಯಲು ಅವನೇ ಹೇಳಿದ್ದಾನೆ, ಅದಕ್ಕೇ ಬರೆದಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ತಾರಸಿಯ ಮೇಲೆ ಹಾದುಹೋಗುವ ವಿಮಾನಗಳ ಸದ್ದಿಗೆ ನನ್ನ ಅರ್ಧ ಮಾತು ನಿನಗೆ ಕೇಳುವುದಿಲ್ಲ. ಉಳಿದರ್ಧಕ್ಕೆ ನೀನು ಬ್ಯಾಂಕಿನ ಕೌಂಟರಿನಲ್ಲಿ ಕೂತವಳಂತೆ ‘ಆಯ್ತು ಚಿಕ್ಕಪ್ಪ, ನೋಡೋಣ ಚಿಕ್ಕಪ್ಪ’ ಅನ್ನುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಪೂರ್ತಿ ಓದುವವರು ಸಿಗುವುದೇ ಅಪರೂಪ.

ನೀನು ಕಳಿಸಿದ ಬ್ರೋಷರು ನೋಡಿದೆ. ವರ್ಗಾವಣೆಯ ಅಲೆದಾಟ ಸಾಕಾಗಿ ನೀವಿಬ್ಬರೂ ಊರ ಕಡೆ ನೆಲೆ ನಿಲ್ಲಬೇಕೆಂದಿದ್ದೀರಿ. ಆವತಿ ಹತ್ತಿರ, ಒಂದು ಕಾಲಕ್ಕೆ ನಮ್ಮದಾಗಿದ್ದ ಹೊಲದಲ್ಲೇ ಎದ್ದಿರುವ ಬಡಾವಣೆಯಲ್ಲಿ, ಕ್ಲಬ್ ಹೌಸ್ ಪಕ್ಕದ ಪೂರ್ವದಿಕ್ಕಿನ ಹದಿನೇಳನೇ ನಂಬರು ಸೈಟು ನಿಮಗೆ ಹಿಡಿಸಿದೆ. ‘ಅಜ್ಜಿ ರಾಗಿ ಕುಯ್ದ ಜಾಗ, ಅಲ್ಲೇ ಮನೆ ಕಟ್ಟಿದ್ರೆ ಹೇಗೆ, ನಿಜ ಹೇಳು ಚಿಕ್ಕಪ್ಪ’ ಎಂದು ಕೇಳಿದ್ದೀಯ. ಆ ಬಡಾವಣೆಯ ಇಂಗ್ಲಿಷ್ ಹೆಸರು ನನ್ನ ಹಲ್ಲುಸೆಟ್ಟಿಗೆ ಒಗ್ಗುವುದಿಲ್ಲ, ನಾನು ಹೊಂಗೆಮರದ ಹೊಲ ಎಂದೇ ಬರೆಯುತ್ತೇನೆ. ಬ್ಯಾಂಕಿನಲ್ಲಿ ಕೂತು ಊರಿಗೆಲ್ಲ ಗೃಹಸಾಲ ಕೊಡುವವಳು ನನ್ನನ್ನು ಕೇಳುತ್ತಿದ್ದಾಳಲ್ಲ ಎಂದು ಮೊದಲು ಹೆಮ್ಮೆಯಾಯಿತು. ಆಮೇಲೆ ಲೆಕ್ಕ ಹಾಕಿದೆ. ನಿಮ್ಮ ತಾತ ಸಾಲು ಹೊಡೆದ ನೆಲಕ್ಕೆ ಈಗ ನೀನು ಸಾಲ ತೆಗೆಯಬೇಕಾಗಿದೆ. ಒಂದು ಕೊಂಬು ಬಿದ್ದುಹೋಗಿದೆ, ಅಷ್ಟೇ. ಎತ್ತುಗಳೇ ಹೋದ ಮೇಲೆ ಕೊಂಬು ಎಲ್ಲಿ ಉಳಿಯಬೇಕು?

ಸರಿ, ಸಲಹೆಗೆ ಬರೋಣ. ಬ್ರೋಷರಿನ ಮರಗಳನ್ನು ನಂಬಬೇಡ, ಅವು ಯಾವತ್ತೂ ಬಿಸಿಲು ಕಂಡಿಲ್ಲ. ಮಾದರಿ ಮನೆಯನ್ನೂ ನಂಬಬೇಡ, ಅದರಲ್ಲಿ ಯಾರೂ ಬಟ್ಟೆ ಒಣಹಾಕಿಲ್ಲ. ಸೈಟನ್ನು ಒಂದು ಸಲ ಬೇಸಿಗೆಯ ಮಧ್ಯಾಹ್ನ ನೋಡಬೇಕು, ಇನ್ನೊಂದು ಸಲ ಜೋರು ಮಳೆ ಬಂದ ಮಾರನೆಯ ದಿನ ನೋಡಬೇಕು. ಬೋರ್‌ವೆಲ್ ಎಷ್ಟು ಆಳ ಎಂದು ಮಾರುವವನನ್ನು ಕೇಳಬೇಡ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಸುರಿಯುತ್ತೀರಿ ಎಂದು ಒಳಗೆ ಇರುವವರನ್ನು ಕೇಳು. ವಿಲ್ಲಾ ಎಂದು ಬೋರ್ಡು ಹಾಕಿರುವ ಕಡೆ ಏನೇನು ಇಲ್ಲ ಎಂಬುದನ್ನು ಮೊದಲು ವಿಚಾರಿಸು. ಭೂಪರಿವರ್ತನೆ, ಮೂಲಪತ್ರ, ಋಣಭಾರದ ಇ.ಸಿ. ಇವೆಲ್ಲ ನಿನಗೆ ನಾನು ಹೇಳಿಕೊಡಬೇಕಿಲ್ಲ. ಖಾತೆ ಸರಿಯಿಲ್ಲದಿದ್ದರೆ ಬದುಕಿಡೀ ಕ್ಯಾತೆ. ನಿನ್ನ ಹದಿನೇಳನೇ ನಂಬರಿನ ಬಗ್ಗೆ ಬ್ರೋಷರಿನಲ್ಲಿಲ್ಲದ ಒಂದು ಮಾತು ಹೇಳುತ್ತೇನೆ. ಈಗ ಕ್ಲಬ್ ಹೌಸ್ ಇರುವುದು ನಮ್ಮ ಹೊಲದ ತಗ್ಗಿನಲ್ಲಿ. ಅಲ್ಲಿ ನೀರು ನಿಂತು ರಾಗಿ ಕೊಳೆಯುತ್ತಿತ್ತು. ಆಗ ಅದು ಕಪ್ಪೆಗಳ ಕ್ಲಬ್ಬು, ಈಗ ಮನುಷ್ಯರದು. ನೀರಿಗೆ ಮಾತ್ರ ಮಾಲೀಕರು ಬದಲಾಗಿರುವುದು ಗೊತ್ತಿಲ್ಲ, ಹಳೇ ದಾರಿಯಲ್ಲೇ ಬರುತ್ತದೆ. ಇನ್ನು, ಸಂಜೆ ಹೊತ್ತು ಸೈಟಿನ ಮಧ್ಯೆ ಸುಮ್ಮನೆ ಕೂತು ವಿಮಾನದ ಸದ್ದು ಕೇಳಿಸಿಕೋ. ನಿನ್ನ ಚಿಕ್ಕಮ್ಮ ಒಂದೊಂದು ವಿಮಾನಕ್ಕೂ ಮಾತು ನಿಲ್ಲಿಸುತ್ತಾಳೆ. ಏರ್‌ಪೋರ್ಟಿನಿಂದ ನನಗಾದ ಲಾಭ ಅದೊಂದೇ.

ರೇಟಿನ ವಿಷಯಕ್ಕೆ ಬಂದರೆ, ನಮ್ಮ ತಾಲ್ಲೂಕಿನಲ್ಲಿ ಯಾವಾಗಲೂ ಏನಾದರೊಂದು ‘ಬರುತ್ತೆ’. ಏರ್‌ಪೋರ್ಟ್ ಬರುತ್ತೆ ಎಂದರು, ನಾವು ಮಾರಿದೆವು. ಅದು ಬಂದ ವರ್ಷವೇ ಪ್ರಪಂಚದ ದೊಡ್ಡ ದೊಡ್ಡ ಬ್ಯಾಂಕುಗಳು ಮುಗ್ಗರಿಸಿದವು. ಕೊಂಡವರು ಬೇಲಿ ಸುತ್ತಿ ಬಿಟ್ಟುಹೋದರು, ನಮ್ಮ ಹೊಲದ ತುಂಬ ಲಂಟಾನ ಎದ್ದಿತು. ಆಮೇಲೆ ರೇಟು ಮತ್ತೆ ಏರಿತು, ಕಾಂಪೌಂಡು ಎದ್ದಿತು. ಈಗ ಮೆಟ್ರೋ ಬರುತ್ತೆ, ಇನ್ನೊಂದು ಟರ್ಮಿನಲ್ ಬರುತ್ತೆ. ಬಂದಿರುವುದಕ್ಕೆ ದುಡ್ಡು ಕೊಡು, ಬರುವುದಕ್ಕೆ ಕೊಡಬೇಡ. ಇರುವುದಕ್ಕೆ ಮನೆ ಬೇಕಿದ್ದರೆ ಇರುವುದಕ್ಕೆ ಎಂದೇ ಕೊಂಡುಕೋ, ನಾಳೆ ಮಾರಿ ಲಾಭ ಮಾಡುತ್ತೇನೆಂದು ಇವತ್ತಿನ ನಿದ್ದೆ ಅಡ ಇಡಬೇಡ. ತಿಂಗಳ ಕಂತು ಒಬ್ಬರ ಸಂಬಳದಲ್ಲೇ ಏಗುವಂತಿರಲಿ. ನಿನ್ನ ಹೆಸರಿಗೆ ಪೆಟ್ಟಾಗದ್ದು ಎಂದು ಅರ್ಥ. ಕಂತು ಶುರುವಾದ ಮೇಲೂ ಆ ಅರ್ಥ ಉಳಿಯಬೇಕು.

ಎಲ್ಲಕ್ಕಿಂತ ದೊಡ್ಡ ಸಲಹೆ, ಬಾಯಲ್ಲಿ ಹೇಳಿದ್ದನ್ನು ಪತ್ರದಲ್ಲಿ ಬರೆಸಿಕೋ. ನಾವು ಇದನ್ನು ಕಲಿತ ಕಥೆ ನಿನಗೆ ಅರ್ಧ ಗೊತ್ತು. ಇನ್ನರ್ಧವನ್ನು ನಿಮ್ಮಪ್ಪ ನಿನಗೆ ಹೇಳಿಲ್ಲ, ಹೇಳಕೂಡದು ಎಂದು ನನಗೂ ತಾಕೀತು ಮಾಡಿದ್ದಾನೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೋದವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ನಿಮ್ಮ ಅಜ್ಜಿ ಬೈರಮ್ಮನನ್ನು ಹೊಲದ ದಕ್ಷಿಣದ ಮೂಲೆಯಲ್ಲಿ, ಹೊಂಗೆಮರದ ಕೆಳಗೆ ಮಲಗಿಸಿ ಒಂದು ಕಲ್ಲು ನಿಲ್ಲಿಸಿದೆವು. ಪ್ರತಿ ಮಹಾಲಯ ಅಮಾವಾಸ್ಯೆಗೆ ಅಲ್ಲಿ ಎಡೆ: ಮುದ್ದೆ, ಕೋಳಿಸಾರು, ಕಜ್ಜಾಯ, ಜೊತೆಗೆ ಅವಳಿಗೆ ಪ್ರಾಣವಾಗಿದ್ದ ಎಲೆ ಅಡಿಕೆ, ಹೊಗೆಸೊಪ್ಪು. ಒಂದು ವರ್ಷ ನೀನು ಹೊಗೆಸೊಪ್ಪು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಇಸ್ಕೂಲಿನಲ್ಲಿ ಕಲಿತು ಬಂದು ಎಡೆಯಿಂದ ಅದನ್ನು ಎತ್ತಿ ಬಚ್ಚಿಟ್ಟಿದ್ದೆ, ನೆನಪಿದೆಯೆ? ‘ಸತ್ ಮ್ಯಾಲೂ ನಮ್ಮವ್ವನ್ ಆರೋಗ್ಯ ನೋಡ್ಕೊಳ್ಳೋಕೆ ಇವಳಿದ್ದಾಳೆ ಬಿಡು’ ಎಂದು ನಿಮ್ಮಪ್ಪ ನಕ್ಕು ನಕ್ಕು ಕೆಮ್ಮಿದ್ದ.

ಮಾರುವ ಕಾಲ ಬಂದಾಗ ಪಕ್ಕದ ಹೊಲದ ವೆಂಕಟರಾಮಪ್ಪ ಹಟ ಹಿಡಿದು, ತಮ್ಮ ಹಿರಿಯರ ಸಮಾಧಿ ಜಾಗವನ್ನೂ ಅಲ್ಲಿಗೆ ಹೋಗುವ ಕಾಲುದಾರಿಯನ್ನೂ ಕ್ರಯಪತ್ರದಿಂದ ಬಿಡಿಸಿ ಇಟ್ಟುಕೊಂಡ. ‘ಸತ್ತೋರ್ಗೂ ಸೈಟ್ ಮಾಡ್ಸವ್ನೆ ಕಣ್ಲಾ’ ಎಂದು ಊರೆಲ್ಲ ನಕ್ಕಿತು. ನಿಮ್ಮ ತಾತನೂ ಹಾಗೇ ಬಿಡಿಸಿಕೊಳ್ಳಬೇಕೆಂದಿದ್ದ. ಆದರೆ ನಮ್ಮ ಏಜೆಂಟು ಮುನಿಸ್ವಾಮಿ ತಾತನ ಎರಡೂ ಕೈ ಹಿಡಿದುಕೊಂಡು, ‘ಅದ್ನೆಲ್ಲ ಬರ್ಸೋದ್ಯಾಕೆ ಬೀರಪ್ಪಣ್ಣ, ಬೈರಮ್ಮಕ್ಕ ನಮ್ಗೂ ಅನ್ನ ಇಕ್ಕಿದೋಳಲ್ವಾ? ಆ ಮೂಲೆನ ಯಾರೂ ಮುಟ್ಟಾಕಿಲ್ಲ. ನೀವ್ ಯಾವಾಗ್ ಬೇಕಾದ್ರೂ ಬಂದು ಎಡೆ ಇಕ್ಕೊಂಡ್ ಹೋಗಿ’ ಎಂದ. ತಾತನ ಕಣ್ಣು ತುಂಬಿತು. ತುಂಬಿದ ಕಣ್ಣಿಗೆ ಸಣ್ಣಕ್ಷರ ಕಾಣುವುದಿಲ್ಲ. ನಾಲ್ಕು ದಿಕ್ಕಿನ ಚೆಕ್ಕುಬಂದಿಯೊಳಗೆ ಹೊಂಗೆಮರವೂ ಹೋಯಿತು, ಅದರ ಕೆಳಗೆ ಮಲಗಿದವಳೂ ಹೋದಳು.

ಮುನಿಸ್ವಾಮಿ ಮಾತಿಗೆ ತಪ್ಪಲಿಲ್ಲ ಎನ್ನುವುದನ್ನೂ ಹೇಳಬೇಕು. ಆ ಮೂಲೆಯನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಪಾರ್ಕು ಎಂದು ಗುರುತು ಮಾಡಿ ಸುತ್ತ ಹುಲ್ಲು ಹಾಸಿ, ಕಲ್ಲಿನ ಎದುರು ಒಂದು ಬೆಂಚು ಹಾಕಿದ್ದಾರೆ. ಸೈಟು ನೋಡಲು ಬಂದವರು ಕೇಳಿದರೆ, ಆ ಕಲ್ಲು ಆವತಿ ಪಾಳೆಯಗಾರರ ಕಾಲದ್ದು ಎಂದು ಮಾರಾಟದವರು ಹೇಳುತ್ತಾರಂತೆ. ತನಗೆ ಅಷ್ಟು ವಯಸ್ಸಾಯಿತೆಂದು ಗೊತ್ತಾದರೆ ಅಜ್ಜಿ ಎದ್ದು ಬಂದು ಅವರ ಮೇಲೆ ಎಲೆ ಅಡಿಕೆ ಉಗಿಯುತ್ತಿದ್ದಳು.

ಇನ್ನು ನಿನಗೆ ಗೊತ್ತಿಲ್ಲದ ಅರ್ಧ. ಗೇಟಿನ ಕಾವಲಿಗಿರುವುದು ನಮ್ಮ ಲಕ್ಷ್ಮಯ್ಯನೇ, ನಿಮ್ಮಪ್ಪನ ಜೊತೆ ಗೋಲಿ ಆಡಿದವನು. ಗೋಡೆ ಎದ್ದ ಮೇಲೆ ಮೊದಲ ಸಲ ನಾವಿಬ್ಬರೂ ಎಡೆಯ ಬುಟ್ಟಿ ಹೊತ್ತು ಹೋದಾಗ ಅವನು ಪುಸ್ತಕ ಬಿಡಿಸಿಕೊಂಡು, ಯಾರನ್ನು ನೋಡಬೇಕು ಎಂದು ಕೇಳಿದ. ‘ನಮ್ಮವ್ವನ್ನ’ ಎಂದ ನಿಮ್ಮಪ್ಪ. ‘ಅದು ಗೊತ್ತು ಕಣ್ ದೇವೇಂದ್ರಣ್ಣ, ಆದ್ರೆ ಮ್ಯಾಲೆ ಕ್ಯಾಮ್ರಾ ಐತೆ, ಬರೀಲೇಬೇಕು. ಮನೆ ನಂಬರ್ ಇಲ್ದಿದ್ರೆ ಒಳ್ಗಿರೋರ್ಗೆ ಫೋನ್ ಮಾಡಿ ಕೇಳ್ಬೇಕು’ ಎಂದ ಲಕ್ಷ್ಮಯ್ಯ. ‘ಮಾಡು ಕಣ್ಲಾ, ಅವ್ವ ಎತ್ತಿದ್ರೆ ನನ್ಗೂ ಕೊಡು’ ಎಂದ ನಿಮ್ಮಪ್ಪ. ಮೂವರೂ ಬಿದ್ದು ಬಿದ್ದು ನಕ್ಕೆವು. ಲಕ್ಷ್ಮಯ್ಯ ಗೇಟು ತೆಗೆದ. ಕೆಲವು ವರ್ಷ ಹೀಗೇ ನಗುವಿನ ಮೇಲೆಯೇ ನಡೆಯಿತು.

ಹೋದ ವರ್ಷ ಬಡಾವಣೆಯ ಸಂಘದವರು ಹೊಸ ನಿಯಮ ತಂದರು. ಒಳಗಿನ ಮಾಲೀಕರೊಬ್ಬರು ಫೋನಿನಲ್ಲಿ ಒಪ್ಪಿದರೆ ಮಾತ್ರ ಹೊರಗಿನವರಿಗೆ ಪ್ರವೇಶ. ಪಾರ್ಕಿನಲ್ಲಿ ಕೋಳಿಸಾರು ಹರಿದ ಎಲೆ ಕಂಡು ಯಾರೋ ದೂರು ಕೊಟ್ಟಿದ್ದರಂತೆ. ಅವರನ್ನು ಬೈಯಲೂ ಆಗುವುದಿಲ್ಲ, ಅವರ ಕಣ್ಣಿಗೆ ಅದು ಬರೀ ಹುಲ್ಲು. ಆ ಸಲ ನಾವು ಬುಟ್ಟಿ ಹೊತ್ತು ಹೋದಾಗ ಲಕ್ಷ್ಮಯ್ಯ ಪುಸ್ತಕವನ್ನೇ ಬಿಡಿಸಲಿಲ್ಲ. ‘ಕೆಲ್ಸ ಹೋಯ್ತದೆ ಕಣಣ್ಣ’ ಎಂದು ಬೇರೆ ಕಡೆ ನೋಡಿದ. ನಿಮ್ಮಪ್ಪ ವಾದ ಮಾಡಲಿಲ್ಲ. ಕಾಂಪೌಂಡಿನ ಹೊರಗೆ ಸುತ್ತು ಹಾಕಿ, ಹೊಂಗೆಮರದ ತುದಿ ಕಾಣುವ ಜಾಗ ಹುಡುಕಿ, ಚರಂಡಿಯ ಪಕ್ಕ ಎಲೆ ಹಾಸಿ ಎಡೆ ಇಟ್ಟ. ಒಂದು ಕಾಗೆ ಬಂತು, ಕಜ್ಜಾಯ ಕಚ್ಚಿಕೊಂಡು ಗೋಡೆ ಹಾರಿ ಒಳಗೆ ಹೋಯಿತು. ‘ನೋಡಣ್ಣ, ಅದಕ್ಕೆ ಪಾಸ್ ಬೇಡ’ ಎಂದೆ, ನಗಲಿ ಎಂದು. ಅಣ್ಣ ನಗಲಿಲ್ಲ. ಮನೆಗೆ ಬಂದು ಕಾಲು ತೊಳೆಯುತ್ತಾ, ‘ಅವ್ವನ್ನ ಮಾರ್ಬಿಟ್ವಿ ಕಣೋ ಶ್ರೀಧರ’ ಎಂದ. ನಾನು ಇನ್ನೊಂದು ಚೊಂಬು ನೀರು ತಂದು ಅವನ ಕಾಲಿಗೆ ಹಾಕಿದೆ.

ಈ ವರ್ಷದ ಅಮಾವಾಸ್ಯೆಗೆ ಇನ್ನೊಂದು ತಿಂಗಳಿದೆ. ಎಡೆಗೆ ಏನು ತರಲಿ ಎಂದು ಮೊನ್ನೆ ಕೇಳಿದೆ. ‘ಈ ಸಲ ಬ್ಯಾಡ ಬಿಡು, ಮಂಡಿ ನೋವು’ ಎಂದ. ಹಾಗೆಂದವನು ಮಾರನೆಯ ದಿನ ಸಂತೆಗೆ ನಡೆದುಕೊಂಡೇ ಹೋಗಿಬಂದ. ಅವನ ಮಂಡಿಗೆ ಏನೂ ಆಗಿಲ್ಲ ಅಕ್ಷತಾ.

ನೀನು ಸಲಹೆ ಕೇಳಿದ್ದೆ. ನಿಜ ಹೇಳು ಎಂದೂ ಕೇಳಿದ್ದೆ. ನಿಜ ಇಷ್ಟು: ಅಲ್ಲಿ ಕೊಳ್ಳಬೇಡ. ನೀರು ಟ್ಯಾಂಕರಿನದು, ರೇಟು ಆಕಾಶದ್ದು, ಹದಿನೇಳನೇ ನಂಬರು ಕಪ್ಪೆಗಳದ್ದು. ಅದೇ ದುಡ್ಡಿಗೆ ದೊಡ್ಡಬಳ್ಳಾಪುರದ ಕಡೆ, ತಾರಸಿ ಹತ್ತಿದರೆ ಮಾಕಳಿದುರ್ಗ ಕಾಣುವಂಥ ಕಟ್ಟಿದ ಮನೆಯೇ ಸಿಗುತ್ತದೆ. ನನ್ನ ಹಳೆಯ ಶಿಷ್ಯನೊಬ್ಬ ಮಾರುತ್ತಿದ್ದಾನೆ, ಬೋರಿನಲ್ಲಿ ನೀರಿದೆ, ಪತ್ರಗಳೆಲ್ಲ ನೆಟ್ಟಗಿವೆ. ನಾನು ಬೇರೆ ಯಾರ ಮನೆಯ ಹುಡುಗಿಗಾದರೂ ಇದನ್ನೇ ಹೇಳುತ್ತಿದ್ದೆ. ಹೇಳಿ ನೆಮ್ಮದಿಯಾಗಿ ಮಲಗುತ್ತಿದ್ದೆ.

ಚಿಕ್ಕಮ್ಮ ನಿನಗೆ ರಾಗಿ ಹುರಿಟ್ಟು ಮಾಡಿಟ್ಟಿದ್ದಾಳೆ, ಬರುವವರು ಸಿಕ್ಕರೆ ಕಳಿಸುತ್ತೇನೆ. ಮುನಿರಾಜ ಭಾರ ಎತ್ತದಿರಲಿ, ಎಮ್ಮೆಗಳಿಗೂ ಅಷ್ಟು ತಿಳಿಸಿ ಹೇಳು. ನಿಮ್ಮ ಬಾಗಿಲು ಯಾವ ದಿಕ್ಕಿಗೆ ತೆರೆದರೂ ಒಳಗೆ ನಗು ತುಂಬಿರಲಿ ಎಂದು ಹರಸುತ್ತೇನೆ.

ನಿನ್ನ ಚಿಕ್ಕಪ್ಪ,
ಶ್ರೀಧರ

ಮ.ವಿ.: ಅಂಚೆಡಬ್ಬಿಯ ಮುಂದೆ ನಿಂತು ಲಕೋಟೆ ಮತ್ತೆ ಬಿಚ್ಚಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಅಲ್ಲೇ ಕೊಳ್ಳಬೇಕೆಂದು ನಿನಗೆ ಗಟ್ಟಿ ಮನಸ್ಸಿದ್ದರೆ ಹದಿನೇಳು ಬೇಡ, ನಲವತ್ತೊಂದು ನೋಡು. ಬ್ರೋಷರಿನ ಕೊನೆಯ ಪುಟದಲ್ಲಿದೆ, ಪಾರ್ಕಿನ ಎದುರಿಗೆ. ದಕ್ಷಿಣದ ಬಾಗಿಲೆಂದು ವಾಸ್ತು ನೋಡುವವರೆಲ್ಲ ಬಿಟ್ಟುಹೋಗಿದ್ದಾರೆ, ಚೌಕಾಸಿ ಮಾಡಿದರೆ ಬಗ್ಗುತ್ತಾರೆ. ನಾಳೆ ಮಾರಹೊರಟರೆ ನಿನಗೂ ಕಷ್ಟವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಕ್ಷಿಣ ಹಿರಿಯರ ದಿಕ್ಕು, ಬಾಗಿಲು ತೆಗೆದರೆ ಎದುರಿಗೆ ಹೊಂಗೆಮರ. ಇದನ್ನು ಬರೆದದ್ದು ನಿಮ್ಮಪ್ಪನಿಗೆ ಗೊತ್ತಿಲ್ಲ. ಗೊತ್ತಾದರೆ, ಮಗಳ ಮನೆ ಮಗಳ ಸುಖಕ್ಕಿರಲಿ, ನಮ್ಮ ಎಡೆಗಲ್ಲ ಅನ್ನುತ್ತಾನೆ, ಅವನು ಹೇಳುವುದೂ ಸರಿಯೇ. ಆದರೂ ಲಕ್ಷ್ಮಯ್ಯ ಯಾರನ್ನು ನೋಡಬೇಕು ಎಂದು ಕೇಳಿದಾಗ ಅಣ್ಣ ನಿನ್ನ ಹೆಸರು ಹೇಳಿ ಒಳಗೆ ಹೋಗುವುದನ್ನು ಒಂದು ಸಲ ನೋಡಬೇಕು ಅನ್ನಿಸುತ್ತದೆ. ಅಜ್ಜಿಯಂತೂ ಫೋನ್ ಎತ್ತುವುದಿಲ್ಲ. ನೀನು ಎತ್ತುತ್ತೀಯಲ್ಲ.