ಅತ್ತೆಯ ಗುಬ್ಬಿ

ಮಂಗಳವಾರ, ಹದಿನಾಲ್ಕು.

ಇವತ್ತೂ ಗುಬ್ಬಿಯ ರೆಕ್ಕೆ ಕೈಕೊಟ್ಟಿತು. ಕಸೂತಿಯ ರಿಂಗಿಗೆ ಬಟ್ಟೆ ಬಿಗಿದು, ಪೆನ್ಸಿಲ್ ಗೆರೆಯಿಲ್ಲದೆ, ಹೊಲಿಗೆ ಮಿಷನ್ನಿನ ಓಡುವ ಸೂಜಿಯ ಕೆಳಗೆ ಕೈಯಲ್ಲೇ ಆಡಿಸುತ್ತ ಐದು ದಿನವಾಯಿತು. ನನ್ನ ರೆಕ್ಕೆಯ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ಸೋದರತ್ತೆಯ ಮಿಷನ್ನಿನಲ್ಲಿ ಅದೇ ಗುಬ್ಬಿಯ ಪುಕ್ಕ ಗಾಳಿಗೆ ಅಲುಗಿದಂತೆ ಬರುತ್ತದೆ. ಹೇಗೆಂದು ಕೇಳಿದರೆ, "ಅದನ್ನ ಕಲಿಸೋಕೆ ಬರಲ್ಲ ಕಣೇ" ಎನ್ನುತ್ತಾರೆ. ಗುಟ್ಟು ಬಿಡುತ್ತಿಲ್ಲವೆಂದು ನನಗೆ ಒಳಗೊಳಗೇ ಸಿಟ್ಟು.

ಅವರು ಯಾವಾಗಲೂ ಅರ್ಧ ಲೋಟ ಟೀ ಸಾಕೆನ್ನುವುದು. ಸಂಜೆ ಮರೆತು ತುಂಬಿಸಿ ಕೊಟ್ಟೆ. ಲೋಟ ಗಡಗಡ ನಡುಗಿ ಟೀ ಸೀರೆಯ ಮೇಲೆ ಚೆಲ್ಲಿತು. ನಾನು ಆ ಬೆರಳುಗಳನ್ನೇ ನೋಡುತ್ತ ನಿಂತುಬಿಟ್ಟೆ.

"ನಿಂತು ನೋಡ್ತೀಯಲ್ಲ, ಬಟ್ಟೆ ತಗೊಂಬಾ" ಎಂದರು. ಒರೆಸಿಕೊಳ್ಳುತ್ತ ತಾವೇ ಹೇಳಿದರು, "ಎರಡು ವರ್ಷ ಆಯ್ತು ಈ ನಡುಕ ಬಂದು. ಬಳ್ಳಿ ಡಿಸೈನ್ ಹಾಕಿದ್ರೆ ಗೆರೆ ನೆಟ್ಟಗೆ ನಿಲ್ತಾನೇ ಇರ್ಲಿಲ್ಲ. ಬಳ್ಳಿ ಬಿಟ್ಟೆ, ಹಕ್ಕಿ ಹಿಡ್ದೆ."

ಅಷ್ಟೇ. ಗಿರಾಕಿಗಳೆಲ್ಲ ಮೆಚ್ಚುವ ಆ ಪುಕ್ಕ ಈ ನಡುಕದ್ದು. ಬೇರೆಯವರಾಗಿದ್ದರೆ ಮಿಷನ್ನಿಗೆ ಮುಸುಕು ಹಾಕಿ ಕೂತಿರುತ್ತಿದ್ದರು.

ನನ್ನ ಕೈ ಇನ್ನೂ ನೆಟ್ಟಗಿದೆ. ಗುಬ್ಬಿ ಅವರಿಗೇ ಇರಲಿ. ಬೆಳಿಗ್ಗೆ ಹೋಗಿ, ಅವರು ಬಿಟ್ಟ ಬಳ್ಳಿಯನ್ನು ನನಗೆ ಹೇಳಿಕೊಡಿ ಎಂದು ಕೇಳಬೇಕು.