ಕೋಲು ಮನೆಯಲ್ಲಿಟ್ಟು ಬಂದ ಮೂವತ್ತೊಂದು ಜನ

ಮಧುಗಿರಿ, ಏಪ್ರಿಲ್ ೧೯೮೪

ಫಿಜಿಯೋಥೆರಪಿ ಶಾಲೆಗಳಿಗೆ ಮಾನ್ಯತೆ ಕೊಡುವ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಾವು ಕಳೆದ ತಿಂಗಳು ನಮ್ಮೂರಿಗೆ ಬಂದು ಹೋದ ಮೇಲೆ ಕಳುಹಿಸಿದ ವರದಿಯ ನಾಲ್ಕನೆಯ ಪುಟದಲ್ಲಿ ಹೀಗಿದೆ: ‘ತಪಾಸಣೆಯ ವೇಳೆ ಆವರಣದಲ್ಲಿ ಸುಮಾರು ಮೂವತ್ತು ಮಂದಿ ಸ್ಥಳೀಯರು ಕುತೂಹಲದಿಂದ ನೆರೆದಿದ್ದರು. ರೋಗಿಗಳು ಯಾರೂ ಇರಲಿಲ್ಲ.’ ರೋಗಿಗಳೇ ಇಲ್ಲದ ಕಡೆ ಶಾಲೆ ಎಂಥದ್ದು ಎಂದು ಮಾನ್ಯತೆ ನಿರಾಕರಿಸಿದ್ದೀರಿ. ಸುಮಾರು ಮೂವತ್ತಲ್ಲ ಸ್ವಾಮಿ, ಸರಿಯಾಗಿ ಮೂವತ್ತೊಂದು. ಅವರು ಸ್ಥಳೀಯರು ಎಂಬುದು ನಿಜ, ನೆರೆದಿದ್ದರು ಎಂಬುದೂ ನಿಜ. ಆದರೆ ಅವರಲ್ಲಿ ಒಬ್ಬೊಬ್ಬರೂ ರೋಗಿಗಳೇ. ತಮ್ಮ ನಿಯಮಾವಳಿ ಕೇಳುವುದು ದಿನಕ್ಕೆ ಮೂವತ್ತು. ನಾವು ಇರಲಿ ಎಂದು ಒಬ್ಬರನ್ನು ಹೆಚ್ಚಿಗೇ ಸೇರಿಸಿದ್ದೆವು. ಅಷ್ಟು ಜನರೂ ತಮ್ಮ ಕಣ್ಣಿಗೆ ರೋಗಿಗಳಾಗಿ ಕಾಣದೆ ಹೋದದ್ದು ಹೇಗೆಂದು ವಿವರಿಸುವುದೇ ಈ ಪತ್ರದ ಉದ್ದೇಶ. ತಪ್ಪೆಲ್ಲ ತಮ್ಮದೇ ಎಂದು ನಾನು ಹೇಳಲಾರೆ. ಮುಕ್ಕಾಲು ಪಾಲು ನನ್ನದು.

ನಾನು ಚಿಕ್ಕನರಸಯ್ಯ. ಇಲ್ಲಿನ ಎ.ಸಿ. ಕಚೇರಿಯ ಎದುರು ಹುಣಸೆಮರದ ಕೆಳಗೆ ಕೂತು ಇಪ್ಪತ್ತೆಂಟು ವರ್ಷ ಅರ್ಜಿ ಬರೆದವನು. ಶಿರಾ, ಕೊರಟಗೆರೆ, ಪಾವಗಡದಿಂದ ಬಂದ ಜನರ ಕಷ್ಟವನ್ನೆಲ್ಲ ಅರ್ಧ ಪುಟಕ್ಕೆ ಇಳಿಸಿದವನು. ‘ಸವಿನಯ ಪ್ರಾರ್ಥನೆ’ ಎಂದು ನಾನು ಬರೆದಷ್ಟು ಸಲ ಯಾವ ಪೂಜಾರಿಯೂ ದೇವರ ಮುಂದೆ ಪ್ರಾರ್ಥಿಸಿರಲಾರ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಯಾರದೋ ಪಹಣಿ ತಿದ್ದುಪಡಿಯ ಅರ್ಜಿಯ ನಡುವೆ, ನನ್ನ ಪೆನ್ನು ಕೈಯಿಂದ ಜಾರಿತು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಹೋದವು. ‘ಇಲ್ಲಿ ಒತ್ತು’ ಎಂದು ಊರವರ ಬೆರಳು ಹಿಡಿದು ಹೆಬ್ಬೆಟ್ಟು ಒತ್ತಿಸುತ್ತಿದ್ದವನು, ಅಂಗವಿಕಲರ ಮಾಸಾಶನದ ಅರ್ಜಿಗೆ ನನ್ನದೇ ಎಡಗೈ ಹೆಬ್ಬೆಟ್ಟು ಒತ್ತಿದೆ. ಮಸಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟ ಗುಮಾಸ್ತ ನನ್ನ ಮುಖ ನೋಡಲಿಲ್ಲ. ಅವತ್ತು ಮನೆಗೆ ಬಂದು ಮಗುವಿನ ಹಾಗೆ ಅತ್ತುಬಿಟ್ಟೆ.

ಅದೇ ಕಾಲಕ್ಕೆ ಕಡಲೆಕಾಯಿ ಮಿಲ್ಲಿನ ಹಳೆಯ ಗೋದಾಮಿನಲ್ಲಿ ಸಂಜೀವಯ್ಯ ಮೇಷ್ಟ್ರು ಈ ಶಾಲೆ ತೆರೆದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹದಿನೈದು ವರ್ಷ ಇದೇ ಕೆಲಸ ಮಾಡಿ ಬಂದವರು ಅವರು. ಎರಡು ವರ್ಷದ ಡಿಪ್ಲೊಮಾ, ಹನ್ನೊಂದು ಜನ ವಿದ್ಯಾರ್ಥಿಗಳು. ಫಿಜಿಯೋಥೆರಪಿ ಎಂಬ ಮಾತು ನಮ್ಮ ನಾಲಿಗೆಗೆ ಹೊರಳದ ಕಾರಣ ಊರಿಗೆಲ್ಲ ಅದು ‘ಕೈಕಾಲು ಸ್ಕೂಲು’. ಭುಜದ ವ್ಯಾಯಾಮಕ್ಕೆ ಬಾವಿಯ ರಾಟೆ, ಭಾರಕ್ಕೆ ಕಡಲೆಕಾಯಿ ಮಂಡಿಯ ಹಳೆಯ ತೂಕದ ಬಟ್ಟುಗಳು. ‘ರಾಟೆ ಇದೆ, ಆದರೆ ಅಂಗೀಕೃತ ಮಾದರಿಯದಲ್ಲ’ ಎಂದು ತಾವು ಬರೆದಿದ್ದೀರಿ. ಒಪ್ಪುತ್ತೇನೆ. ಅಂಗೀಕಾರವಿಲ್ಲದೆಯೇ ಅದು ನಲವತ್ತು ವರ್ಷ ನೀರು ಸೇದಿದೆ, ಅದರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಆ ವಿದ್ಯಾರ್ಥಿಗಳಲ್ಲಿ ನನ್ನ ಕೈ ಸಿಕ್ಕಿದ್ದು ಕೊಳಾಲದ ಹುಡುಗಿ ಗಂಗಲಕ್ಷ್ಮಮ್ಮನ ಪಾಲಿಗೆ. ಗೋದಾಮಿನ ಸಂದಿಯಲ್ಲಿ ಉಳಿದಿದ್ದ ಕಡಲೆಕಾಯಿ ಗುಡಿಸಿ ತಂದು ನನ್ನ ಮುಂದೆ ಸುರಿದಳು. ಒಂದೊಂದೇ ಎತ್ತಿ ಬಟ್ಟಲಿಗೆ ಹಾಕಬೇಕು. ಮೊದಲ ದಿನ ಒಂದನ್ನೂ ಎತ್ತಲಾಗದೆ ನಾನು ಬಟ್ಟಲನ್ನೇ ತಳ್ಳಿದೆ. ಅವಳು ಅದನ್ನು ಮತ್ತೆ ತಂದಿಟ್ಟು, “ಅವಸ್ರ ಮಾಡ್ಬ್ಯಾಡ ತಾತ. ಸುಲ್ದು ತಿನ್ನಂಗಾದ ದಿನ ನಿನ್ ಕೈಗೆ ಪೆನ್ನು ಕೊಡ್ತೀನಿ” ಎಂದಳು. ಎತ್ತಲು ಬಂದದ್ದು ಮೂರನೆಯ ತಿಂಗಳಿಗೆ. ಸುಲಿಯಲು ಬಂದದ್ದು ಹನ್ನೊಂದನೆಯ ತಿಂಗಳಿಗೆ. ಅವಳು ಮಾತಿಗೆ ತಪ್ಪದೆ ಪೆನ್ನು ಕೊಟ್ಟಳು, ನಾನು ನನ್ನ ಹೆಸರು ಬರೆದೆ, ಇಬ್ಬರೂ ಅದನ್ನು ಬಹಳ ಹೊತ್ತು ನೋಡಿಕೊಂಡು ಕೂತೆವು.

ಇಂಥ ಶಾಲೆಗೆ ತಾವು ಬರುತ್ತೀರೆಂದು ಪತ್ರ ಬಂತು. ಎಂದಿನಂತೆ ಬಂದರೆ ಸಾಕು ಎಂದು ಸಂಜೀವಯ್ಯನವರು ನಮಗೆಲ್ಲ ಹೇಳಿದರು. ಅವರ ಮಾತು ಕೇಳಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಅಧಿಕಾರಿಗಳನ್ನು ಅರೆದು ಕುಡಿದವನು ನಾನು ಎಂಬ ಜಂಬ ನನಗೆ. ಹಿಂದಿನ ಸಂಜೆ ಎಲ್ಲರನ್ನೂ ಬೇವಿನಮರದ ಕೆಳಗೆ ಸೇರಿಸಿ ಭಾಷಣ ಮಾಡಿದೆ: “ನಾಳೆ ದೊಡ್ಡ ಸಾಹೇಬ್ರು ಬತ್ತಾರೆ. ಮಕ್ಳು ಪಾಠ ಕಲ್ತವ್ರೋ ಇಲ್ವೋ ಅಂತ ನೋಡಾಕೆ. ನಾವು ಕುಂಟ್ಕಂಡು ನರಳ್ಕಂಡು ಕುಂತ್ರೆ ಏನೂ ಕಲ್ತಿಲ್ಲ ಅಂತ ಬರ್ಕಂಡು ಹೋಯ್ತಾರೆ. ಕೋಲು ಮನೇಲಿಟ್ಟು ಬನ್ನಿ. ಏನಾಗೈತೆ ಅಂತ ಕೇಳಿದ್ರೆ, ಏನೂ ಇಲ್ಲ ಸ್ವಾಮಿ, ಚೆನ್ನಾಗಿವ್ನಿ ಅನ್ನಿ.” ತಾವೇ ಯೋಚಿಸಿ ಸ್ವಾಮಿ, ಈ ಮಾತಿನಲ್ಲಿ ತಪ್ಪೇನಿತ್ತು? ದರ್ಜಿಯ ಕೆಲಸ ನೋಡಲು ಬಂದವರ ಮುಂದೆ ಯಾರಾದರೂ ಹರಿದ ಅಂಗಿ ಹಾಕಿಕೊಂಡು ನಿಲ್ಲುತ್ತಾರೆಯೇ? ಮೂವತ್ತು ಜನರೂ ತಲೆಯಾಡಿಸಿದರು. ನನ್ನನ್ನೂ ಸೇರಿಸಿ ಮೂವತ್ತೊಂದು.

ಮರುದಿನ ತಮ್ಮ ಜೀಪು ಬಂದು ನಿಂತಾಗ ಬಿಳಿ ಸೆರಗಿನ ಒಬ್ಬ ಮುದುಕಿ ದಾರಿಗೆ ಅಡ್ಡವಾಗಿದ್ದದ್ದು ನೆನಪಿರಬಹುದು. ಅವಳು ಹೊನ್ನಕ್ಕ. ತೊಡೆಯ ಮೂಳೆ ಮುರಿದು ಎಂಟು ತಿಂಗಳು ಹಾಸಿಗೆ ಹಿಡಿದಿದ್ದವಳು. ಗೇಟಿನಿಂದ ಬಾಗಿಲಿಗೆ ಹತ್ತೊಂಬತ್ತು ಹೆಜ್ಜೆ. ಕೋಲಿಲ್ಲದೆ ಅವಳು ಅಷ್ಟು ದೂರ ನಡೆಯಲು ಹೊರಟದ್ದು ಅದೇ ಮೊದಲು. ನಾವು ಮನಸ್ಸಿನಲ್ಲೇ ಎಣಿಸುತ್ತಿದ್ದೆವು. ಹನ್ನೆರಡನೆಯ ಹೆಜ್ಜೆಯಲ್ಲಿದ್ದಾಗ ತಮ್ಮ ಸಹಾಯಕರು “ದಾರಿ ಬಿಡಮ್ಮ, ಸಾಹೇಬರು ಬರ್ತಿದ್ದಾರೆ” ಎಂದರು. ಹೊನ್ನಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಧಾರವಿಲ್ಲದೆ ಪಕ್ಕಕ್ಕೆ ಸರಿಯುವುದು ನೇರ ನಡೆಯುವುದಕ್ಕಿಂತ ಕಷ್ಟವಂತೆ. ತಮ್ಮ ಸಮಿತಿಯ ಪಠ್ಯಕ್ರಮದಲ್ಲೇ ಅದು ಎರಡನೆಯ ವರ್ಷದ ಪಾಠವಂತೆ. ಆ ಪರೀಕ್ಷೆಯನ್ನು ತಾವೇ ನಡೆಸಿ, ನೋಡದೆ ಒಳಗೆ ಹೋದಿರಿ.

ಒಳಗೆ ತಾವು ಮೊದಲು ಮಾತಾಡಿಸಿದ್ದು ಬಲಸಮುದ್ರದ ಬೋರಣ್ಣನನ್ನು. ಮೇಕೆಗೆ ಸೊಪ್ಪು ಕಡಿಯುವಾಗ ಮರದಿಂದ ಬಿದ್ದು ಭುಜ ಕೆಡಿಸಿಕೊಂಡವನು. ಕುತ್ತಿಗೆಗೆ ನೇತುಹಾಕಿಕೊಳ್ಳುತ್ತಿದ್ದ ಬಟ್ಟೆಯನ್ನು ಬಸ್ಸಿನಲ್ಲೇ ಬಿಚ್ಚಿ ಜೇಬಿಗಿಟ್ಟುಕೊಂಡು ಬಂದಿದ್ದ. ಏನು ತೊಂದರೆ ಎಂದು ತಾವು ಕೇಳಿದಿರಿ. ಅವನು ಆ ಕೆಟ್ಟಿದ್ದ ಭುಜದ ಕೈಯಲ್ಲೇ ಕಂಬಳಿಯನ್ನು ಹೆಗಲ ಮೇಲೆ ಬೀಸಿ ಹಾಕಿಕೊಂಡು, “ಏಮೀ ಲೇದು ಸಾಮಿ, ಏನೂ ಇಲ್ಲ. ಬೋ ಚೆನ್ನಾಗಿವ್ನಿ” ಎಂದ. ಹಾಗಾದರೆ ಯಾಕೆ ಬಂದೆ ಎಂದಿರಿ. “ಸುಮ್ಕೆ, ನಿಮ್ಮನ್ನ ನೋಡ್ಕಂಡು ಹೋಗಾನ ಅಂತ” ಎಂದ. ತಮ್ಮ ವರದಿಯ ‘ಕುತೂಹಲ’ ಹುಟ್ಟಿದ್ದು ಅಲ್ಲಿಯೇ ಇರಬೇಕು. ಆ ಕಂಬಳಿ ಬೀಸಿದ್ದನ್ನು ನೋಡಿ ನಮ್ಮ ಹುಡುಗರು ಚಪ್ಪಾಳೆ ತಟ್ಟಿದರಲ್ಲ, ಅದು ತಮ್ಮ ಆಗಮನಕ್ಕೆಂದು ತಾವು ಕೈಮುಗಿದಿರಿ.

ಕೊನೆಗೆ ಕಾಫಿ ತಂದುಕೊಟ್ಟವನು ನಾನು. ತುಂಬಿದ ಲೋಟ, ಬಲಗೈ, ಎಂಟು ಮಾರು ದೂರ. ಗಂಗಲಕ್ಷ್ಮಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ. ತಾವು ಒಂದು ಗುಟುಕು ಕುಡಿದು, ಸಕ್ಕರೆ ಜಾಸ್ತಿಯಾಯಿತು ಎಂದಿರಿ. ವರದಿಯಲ್ಲಿ ‘ಉಪಾಹಾರದ ವ್ಯವಸ್ಥೆ ತೃಪ್ತಿಕರ’ ಎಂದಿದೆ. ಇಡೀ ವರದಿಯಲ್ಲಿ ನನ್ನ ಕೈಗೆ ಸಿಕ್ಕ ಪ್ರಶಸ್ತಿ ಅದೊಂದೇ, ಕತ್ತರಿಸಿ ಇಟ್ಟುಕೊಂಡಿದ್ದೇನೆ.

ತಾವು ಸುಳ್ಳು ಬರೆದಿಲ್ಲ, ಕಂಡದ್ದನ್ನೇ ಬರೆದಿದ್ದೀರಿ. ಆದರೆ ಆ ಎರಡು ಸಾಲಿನಿಂದ ಏನಾಗುತ್ತದೆ ಎಂಬುದೂ ತಮಗೆ ತಿಳಿದಿರಲಿ. ಮೇ ತಿಂಗಳೊಳಗೆ ಮಾನ್ಯತೆ ಸಿಗದಿದ್ದರೆ ಈ ಹನ್ನೊಂದು ಜನ ಜೂನ್ ಪರೀಕ್ಷೆಗೆ ಕೂರುವಂತಿಲ್ಲ. ಅವರ ಎರಡು ವರ್ಷ ಲೆಕ್ಕಕ್ಕಿಲ್ಲ. ನಾನು ಕಾಗದದ ಮೇಲೆ ಬದುಕಿದವನು; ಕಾಗದವಿಲ್ಲದವರನ್ನು ಕಚೇರಿಗಳು ಹೇಗೆ ನೋಡುತ್ತವೆಂದು ನನಗೆ ಗೊತ್ತು. ಸತ್ತ ಕೈಯನ್ನು ಎಬ್ಬಿಸಿದ ಹುಡುಗಿಗೆ ಯಾವ ಆಸ್ಪತ್ರೆಯೂ ಬಾಗಿಲು ತೆರೆಯುವುದಿಲ್ಲ. ವರದಿ ಬಂದ ದಿನ ನಾನು ಅವಳ ಬಳಿ ಹೋಗಿ, ಇದೆಲ್ಲ ನನ್ನ ಬುದ್ಧಿವಂತಿಕೆಯಿಂದ ಆದದ್ದು ಎಂದು ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎಂದಿನ ಬಟ್ಟಲು ತಂದಿಟ್ಟು, “ಕೈ ಕೊಡು ತಾತ. ಈಗ ಚೆನ್ನಾಗೈತಲ್ಲ, ನೀನೇ ಒಂದ್ ಅರ್ಜಿ ಬರಿ” ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ಬರೆದ ಎಲ್ಲ ಅರ್ಜಿಗಳಿಗಿಂತ ಇದು ನನಗೆ ಮುಖ್ಯವಾದದ್ದು.

ಬೇಡಿಕೆ ಒಂದೇ. ಮೇ ಮುಗಿಯುವುದರೊಳಗೆ ಮತ್ತೊಮ್ಮೆ ಬನ್ನಿ. ಮುಂಚೆ ತಿಳಿಸಬೇಡಿ, ತಿಳಿಸಿದರೆ ನಾನು ಮತ್ತೆ ಭಾಷಣ ಮಾಡಿಬಿಟ್ಟೇನು. ನಿಮ್ಮ ನಿಮ್ಮ ಕೋಲು ತನ್ನಿ ಎಂದು ಎಲ್ಲರಿಗೂ ಹೇಳಿಕಳಿಸಿದ್ದೇನೆ, ಬಾಗಿಲ ಪಕ್ಕದಲ್ಲಿ ಸಾಲಾಗಿ ಇಟ್ಟಿರುತ್ತೇವೆ, ಜನರನ್ನು ನಂಬದಿದ್ದರೆ ಕೋಲುಗಳನ್ನಾದರೂ ಎಣಿಸಿ. ಆದರೆ ಹೊನ್ನಕ್ಕ ತರಲಾರಳು. ಕೋಲೆಲ್ಲಿ ಎಂದು ಕೇಳಿದ್ದಕ್ಕೆ, “ಸೋರೆಬಳ್ಳಿಗೆ ಊರಿಕೊಟ್ಟೆ ಕಣಪ್ಪ, ನಂಗ್ಯಾಕೆ ಇನ್ನು?” ಎಂದಳು. ಬೋರಣ್ಣನೂ ಮೊನ್ನೆಯಿಂದ ಬರುತ್ತಿಲ್ಲ, ಮತ್ತೆ ಮರ ಹತ್ತುತ್ತಿದ್ದಾನಂತೆ. ಆದ್ದರಿಂದ ಬೇಗ ಬನ್ನಿ ಸ್ವಾಮಿ. ತಾವು ತಡಮಾಡಿದರೆ ಈ ಮಕ್ಕಳು ನಮ್ಮನ್ನೆಲ್ಲ ಗುಣಪಡಿಸಿ, ತಮ್ಮ ವರದಿಯನ್ನೇ ನಿಜ ಮಾಡಿಬಿಡುತ್ತಾರೆ.

ಇಂತಿ,
ತಮ್ಮ ಕಾಫಿಗೆ ಸಕ್ಕರೆ ಹೆಚ್ಚು ಹಾಕಿದ, ತಮ್ಮ ವರದಿಯ ಪ್ರಕಾರ ಯಾವ ಕಾಯಿಲೆಯೂ ಇಲ್ಲದ
ಚಿಕ್ಕನರಸಯ್ಯ
ಅರ್ಜಿ ಬರೆಯುವವನು, ಮಧುಗಿರಿ
(ಬಲಗೈಯ ಸಹಿ. ಹೆಬ್ಬೆಟ್ಟಲ್ಲ.)